ಉರಿಯುವ ಹನಿಯ ಮೇಲಿನ ನಂಬಿಕೆ

ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯ ಆಸುಪಾಸಿನ ಯಾವುದಾದರೂ ಮೆಡಿಕಲ್ ಸ್ಟೋರಿನ ಮುಂದೆ ಸಂಜೆ ಹೊತ್ತು ಸ್ವಲ್ಪ ನಿಂತರೆ ಇಂಥದೊಂದು ಮಾತುಕತೆ ಕಿವಿಗೆ ಬೀಳುತ್ತದೆ.

“ಅಣ್ಣಾ, ಕಣ್ಣಿಗೊಂದು ಡ್ರಾಪ್ಸ್ ಕೊಡಿ.”

“ಯಾವ್ದಮ್ಮಾ? ಚೀಟಿ ಇದ್ಯಾ?”

“ಚೀಟಿ ಎಲ್ಲಣ್ಣ ಇರತ್ತೆ? ಹೋದ ಸಲ ಕೊಟ್ಟಿದ್ರಲ್ಲ, ಹಾಕಿದ ತಕ್ಷಣ ಚುರ್ ಅಂತಿತ್ತು ನೋಡಿ, ಅದೇ. ಅದ್ರಲ್ಲಿ ಎರಡೇ ದಿನಕ್ಕೆ ವಾಸಿ ಆಯ್ತು.”

ಇದೇ ಮಾತು ತಮಿಳಿನಲ್ಲೋ, ದಖನಿ ಉರ್ದುವಿನಲ್ಲೋ, ತೆಲುಗಿನಲ್ಲೋ ನಡೆಯಬಹುದು. ಔಷಧದ ಹೆಸರು ನೆನಪಿಲ್ಲ, ಅದರೊಳಗೆ ಏನಿತ್ತೆಂಬುದು ಗೊತ್ತಿಲ್ಲ, ಯಾವ ಕಾಯಿಲೆಗೆ ಕೊಟ್ಟದ್ದೆಂಬುದೂ ಖಾತ್ರಿಯಿಲ್ಲ. ನೆನಪಿರುವುದು ಉರಿ ಒಂದೇ. ಕಣ್ಣಿಗೆ ಹಾಕಿದ್ದು ಉರಿದು, ನೀರು ಸುರಿಸಿ, ಆಮೇಲೆ ತಣ್ಣಗಾದರೆ ‘ಕೊಳೆಯೆಲ್ಲ ಹೊರಗೆ ಹೋಯಿತು’ ಎಂಬ ಸಮಾಧಾನ. ಏನೂ ಅನ್ನಿಸದಿದ್ದರೆ ‘ಬರೀ ನೀರು ಕೊಟ್ಟಿದ್ದಾರೆ’ ಎಂಬ ಗುಮಾನಿ. ದಂಡು ಪ್ರದೇಶದಿಂದ ಹಿಡಿದು ಹಲಸೂರು, ಇಂದಿರಾನಗರ ದಾಟಿ ಕೆ.ಆರ್. ಪುರದವರೆಗೆ ಜಾತಿ, ಮತ, ಭಾಷೆ ಯಾವುದೇ ಇರಲಿ, ಈ ಒಂದು ನಂಬಿಕೆಯಲ್ಲಿ ಬಹುಪಾಲು ಜನರಿಗೆ ಭಿನ್ನಾಭಿಪ್ರಾಯವಿಲ್ಲ. ಅದು ಅಜ್ಞಾನದಿಂದ ಹುಟ್ಟಿದ್ದು ಎಂದು ತಳ್ಳಿಹಾಕುವುದನ್ನು ನಾನು ಒಪ್ಪುವುದಿಲ್ಲ. ಮನೆಮದ್ದೂ ಆಸ್ಪತ್ರೆಯೂ ಔಷಧದ ಕಂಪನಿಗಳೂ ಸೇರಿ ನೂರಾರು ವರ್ಷ ಕಲಿಸಿದ ಪಾಠ ಅದು.

ಮೊದಲು ಮನೆಮದ್ದನ್ನು ನೋಡೋಣ. ಹಲಸೂರಿನ ಸೋಮೇಶ್ವರ ದೇವಸ್ಥಾನದ ಸುತ್ತಲಿನ ಹಳೆಯ ಮನೆಗಳಲ್ಲಿ ಬಾಣಂತಿ ಕೋಣೆಗೆ ಕಾಡಿಗೆ ಮಾಡುತ್ತಿದ್ದ ಬಗೆ ಹಳೇ ಮೈಸೂರಿನ ಹಳ್ಳಿಗಳಲ್ಲಿ ಮಾಡುತ್ತಿದ್ದಂತೆಯೇ. ಬಿಳಿಯ ಬಟ್ಟೆಯ ತುಂಡನ್ನು ಹೊನಗೊನ್ನೆ ಸೊಪ್ಪಿನ ರಸದಲ್ಲೋ ನಂದಿಬಟ್ಟಲು ಹೂವಿನ ರಸದಲ್ಲೋ ನೆನೆಸಿ, ನೆರಳಲ್ಲಿ ಒಣಗಿಸಿ, ಬತ್ತಿ ಹೊಸೆದು, ಹರಳೆಣ್ಣೆಯ ಹಣತೆಯಲ್ಲಿ ಉರಿಸುವುದು. ಮೇಲೆ ಹಿತ್ತಾಳೆಯದೋ ತಾಮ್ರದ್ದೋ ತಟ್ಟೆ ಕವುಚಿಡುವುದು. ರಾತ್ರಿಯೆಲ್ಲ ಕಟ್ಟಿದ ಮಸಿಯನ್ನು ಬೆಳಗ್ಗೆ ಕೆರೆದು, ತುಪ್ಪದಲ್ಲೋ ಹರಳೆಣ್ಣೆಯಲ್ಲೋ ಕಲಸಿ ಭರಣಿಗೆ ತುಂಬುವುದು. ಮಗುವಿನ ಕಣ್ಣಿಗೆ ಅದನ್ನು ಹಚ್ಚುವ ಬೆರಳು ಅಜ್ಜಿಯದು. ಹಚ್ಚಿದ ಮೇಲೆ ಉಳಿದದ್ದನ್ನು ಕೆನ್ನೆಗೆ ದೃಷ್ಟಿಬೊಟ್ಟಾಗಿ ಇಡುತ್ತಿದ್ದರು. ಕಣ್ಣು ಕೆಂಪಾದರೆ ಎದೆಹಾಲು, ಉಷ್ಣವಾದರೆ ನೆತ್ತಿಗೆ ಹರಳೆಣ್ಣೆ, ಧೂಳು ಬಿದ್ದರೆ ಪನ್ನೀರು.

ಇದೆಲ್ಲದರ ಹಿಂದೆ ಶಾಸ್ತ್ರವೂ ಇತ್ತು. ಕಣ್ಣಿನ 76 ರೋಗಗಳನ್ನು ಹೆಸರಿಸುವ ಸುಶ್ರುತ ಸಂಹಿತೆ, ಕಣ್ಣಿಗೆ ಔಷಧ ಕೊಡುವ ಐದು ಕ್ರಮಗಳನ್ನು ಹೇಳುತ್ತದೆ: ತರ್ಪಣ, ಪುಟಪಾಕ, ಸೇಕ, ಆಶ್ಚ್ಯೋತನ, ಅಂಜನ. ಅಂಜನದಲ್ಲಿ ಮತ್ತೆ ಮೂರು ಬಗೆ: ಗುಳಿಗೆ, ಲೇಹದಂಥ ರಸ, ಪುಡಿ. ಆಶ್ಚ್ಯೋತನ ಎಂದರೆ ಇವತ್ತಿನ ಡ್ರಾಪ್ಸೇ. ಎರಡು ಅಂಗುಲ ಮೇಲಿನಿಂದ ತೆರೆದ ಕಣ್ಣಿಗೆ ಹನಿ ಬಿಡಬೇಕೆಂಬ ವಿಧಿ ಆಯುರ್ವೇದದ ಗ್ರಂಥಗಳಲ್ಲಿದೆ. ಔಷಧ ಯಾವುದು ಎನ್ನುವಷ್ಟೇ ಮುಖ್ಯವಾಗಿ ಅದು ಯಾವ ರೂಪದಲ್ಲಿ ಕಣ್ಣಿಗೆ ಹೋಗಬೇಕು, ಎಷ್ಟು ಹೊತ್ತು ನಿಲ್ಲಬೇಕು ಎಂದು ಯೋಚಿಸಿದವರು ಆ ಗ್ರಂಥಕಾರರು. ಶಾಸ್ತ್ರದ ಈ ಸೂಕ್ಷ್ಮ ಮನೆಯ ಮಟ್ಟಕ್ಕೆ ಇಳಿಯಲಿಲ್ಲ. ತೀಕ್ಷ್ಣವಾದ ಅಂಜನ ಹಚ್ಚಿದರೆ ಕಣ್ಣೀರು ಬಂದು ದೋಷ ಹರಿದುಹೋಗುತ್ತದೆ ಎಂಬ ಒಂದು ಎಳೆ ಮಾತ್ರ ಗಟ್ಟಿಯಾಗಿ ಉಳಿಯಿತು.

ಶಿವಾಜಿನಗರದ ಓಣಿಗಳಲ್ಲಿ ಈ ಎಳೆಗೆ ಸುರ್ಮಾ ಸೇರಿಕೊಂಡಿತು. ರಸೆಲ್ ಮಾರ್ಕೆಟ್ ಸುತ್ತಲಿನ ಅತ್ತರಿನ ಅಂಗಡಿಗಳಲ್ಲಿ ರಂಜಾನ್ ತಿಂಗಳು ಬಂತೆಂದರೆ ತಸ್ಬಿ, ಟೋಪಿ, ಅತ್ತರಿನ ಪಕ್ಕದಲ್ಲಿ ಸುರ್ಮಾದ ಸಣ್ಣ ಸೀಸೆಗಳೂ ಸಾಲಾಗಿ ನಿಲ್ಲುತ್ತವೆ. ಕೆಲವಕ್ಕೆ ಹಿತ್ತಾಳೆಯ ಸುರ್ಮೇದಾನಿ, ಜೊತೆಗೊಂದು ಕಡ್ಡಿ. ಕಡ್ಡಿಯನ್ನು ಪುಡಿಯಲ್ಲಿ ಅದ್ದಿ, ಝಾಡಿಸಿ, ರೆಪ್ಪೆ ಮುಚ್ಚಿ ಒಳಗಿನಿಂದ ಹೊರಕ್ಕೆ ಎಳೆಯುತ್ತಾರೆ. ಶುಕ್ರವಾರದ ನಮಾಜಿಗೆ ಮುಂಚೆ, ಈದ್‌ನ ಬೆಳಗ್ಗೆ ಸುರ್ಮಾ ಹಚ್ಚುವುದು ಪ್ರವಾದಿಯವರ ನಡೆಯನ್ನು ಅನುಸರಿಸುವ ಶ್ರದ್ಧೆ. ಮಕ್ಕಳಿಗೆ ಅಪ್ಪನೇ ಕೂರಿಸಿಕೊಂಡು ಹಚ್ಚುತ್ತಾನೆ. ಮೆಂಥಾಲ್, ಕರ್ಪೂರ ಬೆರೆಸಿದ ‘ಠಂಡಾ ಸುರ್ಮಾ’ ಹಾಕಿದಾಗ ಕಣ್ಣು ಚುರುಚುರು ಎಂದು ನೀರೂರಿ ಆಮೇಲೆ ತಂಪಾಗುವುದು ಆ ಹಬ್ಬದ ಬೆಳಗಿನ ನೆನಪಿನ ಒಂದು ಭಾಗವೇ ಆಗಿದೆ. ಅದನ್ನು ಅಷ್ಟೇ ಗೌರವದಿಂದ ನೋಡುತ್ತಲೇ ಇನ್ನೊಂದು ಮಾತನ್ನೂ ಹೇಳಬೇಕು. ಸುರ್ಮಾ ಮೂಲತಃ ಆ್ಯಂಟಿಮನಿಯ ಅದಿರು ಎಂದು ಹೇಳಿದರೂ ಮಾರುಕಟ್ಟೆಯಲ್ಲಿ ಸಿಗುವ ಎಷ್ಟೋ ಸುರ್ಮಾಗಳಲ್ಲಿ ಇರುವುದು ಸೀಸದ ಸಲ್ಫೈಡ್. ನಾನಾ ದೇಶಗಳಲ್ಲಿ ಮಾಡಿದ ಪರೀಕ್ಷೆಗಳಲ್ಲಿ ಇದು ಮತ್ತೆ ಮತ್ತೆ ಕಂಡಿದೆ. ಕಣ್ಣುಜ್ಜಿದ ಕೈ ಬಾಯಿಗೆ ಹೋಗುವ ಮಗುವಿನ ಮಿದುಳಿಗೆ ಸೀಸದಷ್ಟು ಕೆಟ್ಟದ್ದು ಕಡಿಮೆ. ಸೀಸದ ವಿಷದ ಬಗ್ಗೆಯೇ ಕೆಲಸ ಮಾಡಿದ ರಾಷ್ಟ್ರೀಯ ಕೇಂದ್ರ ಇದೇ ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ಹುಟ್ಟಿದ್ದು. ಶಿವಾಜಿನಗರದಿಂದ ಅದು ದೂರವೇನಲ್ಲ.

ಇನ್ನು ಆಸ್ಪತ್ರೆಯ ಕಡೆಗೆ. ಬೌರಿಂಗ್ ಆಸ್ಪತ್ರೆ ಶುರುವಾದದ್ದು 1868ರಲ್ಲಿ, ಮೈಸೂರಿನ ಕಮಿಷನರ್ ಆಗಿದ್ದ ಲೂಯಿನ್ ಬೌರಿಂಗ್ ಹೆಸರಿನಲ್ಲಿ. 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರ ಕೈಗೆ ಮರಳಿದರೂ ದಂಡು ಬ್ರಿಟಿಷ್ ರೆಸಿಡೆಂಟರ ಕೈಯಲ್ಲೇ ಉಳಿಯಿತು. 1947ರಲ್ಲಿ ಅದು ಮೈಸೂರಿಗೆ ಮರಳಿತು, 1949ರಲ್ಲಿ ಪೇಟೆ ಮತ್ತು ದಂಡಿನ ಆಡಳಿತಗಳು ಒಂದೇ ಕಾರ್ಪೊರೇಷನ್ ಆದವು. ಅಲ್ಲಿಯವರೆಗೆ ಇವೆರಡೂ ಬೇರೆ ಬೇರೆ ಊರುಗಳೇ. ಪೇಟೆಯವರಿಗೆ 1896ರಲ್ಲಿ ಸಣ್ಣದಾಗಿ ಆರಂಭವಾಗಿ 1913ರಲ್ಲಿ ಈಗಿನ ಭವ್ಯ ಕಟ್ಟಡಕ್ಕೆ ಬಂದ ಮಿಂಟೋ ಕಣ್ಣಿನ ಆಸ್ಪತ್ರೆ ಇತ್ತು. ದಂಡಿನವರ ನಂಟು ಮದ್ರಾಸಿನೊಂದಿಗೆ. ಸಿಪಾಯಿಗಳು, ಸ್ಯಾಪರ್‌ಗಳು, ಅವರ ಹಿಂದೆ ಬಂದ ಕೂಲಿಕಾರರು, ಅಡುಗೆಯವರು, ದರ್ಜಿಗಳು ಬಹುಪಾಲು ಮದ್ರಾಸ್ ಪ್ರಾಂತ್ಯದವರು. ಆ ಮದ್ರಾಸಿನಲ್ಲಿ 1819ರಲ್ಲೇ ಕಣ್ಣಿನ ಆಸ್ಪತ್ರೆ ತೆರೆದಿತ್ತು. ಈಗ ಎಗ್ಮೋರಿನಲ್ಲಿರುವ ಅದು ಜಗತ್ತಿನ ಅತಿ ಹಳೆಯ ಕಣ್ಣಾಸ್ಪತ್ರೆಗಳಲ್ಲೊಂದು. ಕಣ್ಣುಬೇನೆಗೆ ‘ಮದ್ರಾಸ್ ಐ’ ಎಂಬ ಹೆಸರು ಬೆಂಗಳೂರಿನಲ್ಲಿ ಇಷ್ಟು ಸಲೀಸಾಗಿ ಬೇರೂರಿದ್ದರಲ್ಲಿ ಆಶ್ಚರ್ಯವಿಲ್ಲ.

ಆ ಕಾಲದ ಇಂಗ್ಲಿಷ್ ಔಷಧ ಕಣ್ಣಿಗೆ ಹೇಗಿತ್ತು ಎಂಬುದೇ ಇಲ್ಲಿ ಮುಖ್ಯ. ಟ್ರಕೋಮ ಎಂಬ ಕಣ್ಣಿನ ಸೋಂಕು ಬಂದವರ ರೆಪ್ಪೆಯನ್ನು ಮಗುಚಿ ಮೈಲುತುತ್ತದ ಕಡ್ಡಿಯಿಂದ ಉಜ್ಜುತ್ತಿದ್ದರು. ಅದರ ನೋವನ್ನು ಊಹಿಸಿಕೊಳ್ಳುವುದೂ ಕಷ್ಟ. 1880ರ ಹೊತ್ತಿಗೆ ಜರ್ಮನಿಯ ಕಾರ್ಲ್ ಕ್ರೆಡೆ ಎಂಬ ಹೆರಿಗೆ ವೈದ್ಯ, ಹುಟ್ಟಿದ ಕೂಸಿನ ಕಣ್ಣಿಗೆ ಸಿಲ್ವರ್ ನೈಟ್ರೇಟಿನ ಒಂದು ಹನಿ ಹಾಕಿದರೆ ತಾಯಿಯಿಂದ ತಗಲುವ ಸೋಂಕಿನಿಂದ ಕುರುಡಾಗುವುದು ತಪ್ಪುತ್ತದೆ ಎಂದು ತೋರಿಸಿದ. ಎಷ್ಟೋ ಲಕ್ಷ ಕಣ್ಣುಗಳನ್ನು ಉಳಿಸಿದ ಆ ಹನಿಯೂ ಉರಿಯುವಂಥದ್ದೇ. ಕೂಸಿನ ಕಣ್ಣು ಒಂದೆರಡು ದಿನ ಊದಿಕೊಳ್ಳುತ್ತಿತ್ತು. ಸತುವಿನ ಹನಿ, ಪಾದರಸದ ಹಳದಿ ಮುಲಾಮು, ಬೋರಿಕ್ ಪುಡಿಯ ನೀರು, ಹೀಗೆ ಡಿಸ್ಪೆನ್ಸರಿಯ ಕಂಪೌಂಡರ್ ಗಾಜಿನ ಸೀಸೆಗೆ ಹಾಕಿಕೊಡುತ್ತಿದ್ದದ್ದರಲ್ಲಿ ಹೆಚ್ಚಿನವು ಚುರುಗುಟ್ಟುವಂಥವು. ಸುರ್ಮಾ ಉರಿಸುತ್ತಿತ್ತು, ಆಸ್ಪತ್ರೆಯ ಔಷಧವೂ ಉರಿಸಿತು. ಜನ ತಮ್ಮ ನಂಬಿಕೆಯನ್ನು ಬದಲಿಸಿಕೊಳ್ಳಬೇಕಾದ ಪ್ರಮೇಯವೇ ಬರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲಿನ ದಶಕಗಳಲ್ಲಿ ಸಲ್ಫಾ, ಆಮೇಲೆ ಆ್ಯಂಟಿಬಯಾಟಿಕ್ ಬಂದವು. ಈಗ ಐವತ್ತು ದಾಟಿದವರಿಗೆ ‘ಲೋಕುಲಾ’ ಹೆಸರು ನೆನಪಿರುತ್ತದೆ, ಸಲ್ಫಾಸಿಟಮೈಡಿನ ಆ ಡ್ರಾಪ್ಸ್ ಕಣ್ಣಿಗೆ ಬಿದ್ದಾಗ ಮಕ್ಕಳು ಕಿರುಚುತ್ತಿದ್ದದ್ದೂ ನೆನಪಿರುತ್ತದೆ. ಅದೇ ಕಾಲದ ಇನ್ನೊಂದು ವಸ್ತು ಕ್ಲೋರೊಮೈಸೆಟಿನ್ ಅಪ್ಲಿಕ್ಯಾಪ್. ಕಡಲೆಕಾಳಿನಷ್ಟು ದೊಡ್ಡ ಮೆತ್ತನೆಯ ಗುಳಿಗೆ, ಅದಕ್ಕೊಂದು ಪುಟ್ಟ ಮೂತಿ. ಮೂತಿಯನ್ನು ಕತ್ತರಿಸಿ, ಮಗುವಿನ ಕೆಳರೆಪ್ಪೆಯನ್ನು ಎಳೆದು, ಒಳಗಿದ್ದ ಮುಲಾಮನ್ನು ಹಿಂಡುವುದು. ಒಂದು ಗುಳಿಗೆ ಒಂದೇ ಸಲಕ್ಕೆ. ಉಳಿಸಿಡುವ, ಹಂಚಿಕೊಳ್ಳುವ, ಸೋಂಕು ಸೇರುವ ಪ್ರಶ್ನೆಯೇ ಇಲ್ಲ. ಮನೆಬಳಕೆಗೆ ಇಷ್ಟು ಹೊಂದುವ ರೂಪ ಇನ್ನೊಂದು ಬಂದಿಲ್ಲ ಎಂದೇ ನನ್ನ ಅನಿಸಿಕೆ.

ಆದರೂ ಮುಲಾಮನ್ನು ನಮ್ಮ ಜನ ಮನಸಾರೆ ಒಪ್ಪಲಿಲ್ಲ. ಡಾಕ್ಟರು ಬರೆದುಕೊಟ್ಟ ಆಯಿಂಟ್‌ಮೆಂಟ್ ಟ್ಯೂಬು ಅರ್ಧಕ್ಕೇ ಉಳಿಯುತ್ತದೆ. ಕಣ್ಣು ಮಂಜಾಗುತ್ತದೆ, ರೆಪ್ಪೆ ಅಂಟುತ್ತದೆ, ‘ಗೀಜು ಇನ್ನೂ ಜಾಸ್ತಿ ಆಯ್ತು’ ಎನ್ನುತ್ತಾರೆ. ಇದರ ಹಿಂದೆ ಬದುಕಿನ ಒತ್ತಡವೂ ಇದೆ. ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಗಳಲ್ಲಿ ಕೂತು ಸೂಜಿಗೆ ದಾರ ಪೋಣಿಸುವ ದರ್ಜಿ, ಟಿನ್ ಫ್ಯಾಕ್ಟರಿ ಬಳಿ ಬಸ್ಸುಗಳ ನಡುವೆ ನುಗ್ಗಬೇಕಾದ ಆಟೊ ಚಾಲಕ, ಇವರು ಹಗಲಿನಲ್ಲಿ ಕಣ್ಣು ಮಂಜು ಮಾಡಿಕೊಂಡು ಹೊಟ್ಟೆ ಹೊರೆಯುವುದು ಹೇಗೆ? ಡ್ರಾಪ್ಸ್ ಹಾಕಿದರೆ ನಿಮಿಷದೊಳಗೆ ಕಣ್ಣು ಮತ್ತೆ ತಿಳಿ. ಔಷಧದ ದೃಷ್ಟಿಯಿಂದ ಲೆಕ್ಕ ತಿರುವುಮುರುವು. ಹನಿ ಕೆಲವೇ ನಿಮಿಷದಲ್ಲಿ ಕಣ್ಣಿನಿಂದ ಹರಿದುಹೋಗುತ್ತದೆ, ಮುಲಾಮು ಹೆಚ್ಚು ಹೊತ್ತು ನಿಂತು ಕೆಲಸ ಮಾಡುತ್ತದೆ. ಅಳುವ ಮಗುವಿಗೆ, ನಿದ್ದೆಯ ಹೊತ್ತಿಗೆ ಅದೇ ಲೇಸು. ದೇಶದಲ್ಲಿ 1963ರಲ್ಲಿ ಶುರುವಾದ ಟ್ರಕೋಮ ನಿಯಂತ್ರಣ ಕಾರ್ಯಕ್ರಮ ನೆಚ್ಚಿಕೊಂಡದ್ದೂ ಟೆಟ್ರಾಸೈಕ್ಲಿನ್ ಮುಲಾಮನ್ನೇ. ಟ್ರಕೋಮ ಭಾರತದಲ್ಲಿ ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2024ರ ಅಕ್ಟೋಬರಿನಲ್ಲಿ ಘೋಷಿಸಿತು. ಅದರಲ್ಲಿ ಆ ಅಂಟು ಮುಲಾಮಿನ ಪಾಲು ದೊಡ್ಡದು.

ಗಾಜಿನ ಸೀಸೆ ಹೋಗಿ ಪ್ಲಾಸ್ಟಿಕ್ ಬಾಟಲಿ ಬಂದ ಮೇಲೆ ಡ್ರಾಪ್ಸ್ ಮನೆಯ ಸಾಮಾನಾಯಿತು. 5 ಮಿಲಿಲೀಟರಿನ ಆ ಬಾಟಲಿಯ ಮೂತಿ ಮುಚ್ಚಿರುತ್ತದೆ. ಮುಚ್ಚಳದ ಒಳಗೆ ಒಂದು ಪ್ಲಾಸ್ಟಿಕ್ ಮುಳ್ಳಿರುತ್ತದೆ. ಮುಚ್ಚಳವನ್ನು ಕೊನೆಯವರೆಗೆ ಬಿಗಿಯಾಗಿ ತಿರುಗಿಸಿದರೆ ಮುಳ್ಳು ತಾನೇ ಮೂತಿಯನ್ನು ಚುಚ್ಚಿ ಸರಿಯಾದ ಅಳತೆಯ ತೂತು ಮಾಡುತ್ತದೆ. ಇದನ್ನು ಹೇಳಿಕೊಡುವವರು ಇಲ್ಲದ್ದರಿಂದ ಮನೆಮನೆಯಲ್ಲೂ ನಡೆಯುವುದೇ ಬೇರೆ. ಸೆರಗಿನಿಂದಲೋ ಬಳೆಯಿಂದಲೋ ಪಿನ್ನು ತೆಗೆದು, ಗ್ಯಾಸ್ ಒಲೆಯಲ್ಲಿ ಕಾಯಿಸಿ ಚುಚ್ಚುತ್ತಾರೆ. ಪಿನ್ನು ಬಿಸಿ ಮಾಡಿದ್ದರಿಂದ ಶುದ್ಧವಾಯಿತೆಂಬ ಭಾವನೆ. ಬಿಸಿಗೆ ಪ್ಲಾಸ್ಟಿಕ್ ಕರಗಿ ತೂತು ಅಗಲವಾಗುತ್ತದೆ, ಹನಿಯ ಬದಲು ಧಾರೆಯೇ ಬೀಳುತ್ತದೆ, ವಾರದೊಳಗೆ ಬಾಟಲಿ ಖಾಲಿ. ಕೆನ್ನೆಯ ಮೇಲೆ ಹರಿದದ್ದನ್ನು ನೋಡಿ ‘ಚೆನ್ನಾಗಿ ಬಿತ್ತು’ ಎನ್ನುತ್ತಾರೆ.

ಒಂದು ಹನಿ ಎಂದರೆ 30ರಿಂದ 50 ಮೈಕ್ರೊಲೀಟರ್. ನಮ್ಮ ರೆಪ್ಪೆಯ ಮಡಿಕೆಯಲ್ಲಿ ಹಿಡಿಸುವುದು ಹೆಚ್ಚೆಂದರೆ 30. ಅಲ್ಲಿ ಮೊದಲೇ 7 ಮೈಕ್ರೊಲೀಟರ್‌ನಷ್ಟು ಕಣ್ಣೀರಿರುತ್ತದೆ. ಒಂದೇ ಹನಿಗೆ ಕಣ್ಣು ತುಂಬಿ ತುಳುಕುತ್ತದೆ, ಎರಡನೆಯ ಹನಿ ಮೊದಲನೆಯದನ್ನು ತೊಳೆದುಬಿಡುತ್ತದೆ. ಎರಡು ಬಗೆಯ ಡ್ರಾಪ್ಸ್ ಇದ್ದರೆ ನಡುವೆ ಐದು ನಿಮಿಷ ಬಿಡಬೇಕು ಎನ್ನುವುದು ಇದಕ್ಕೇ. ಇನ್ನೊಂದು ಪಾಲು ಮೂಗಿನ ಬದಿಯ ಸಣ್ಣ ನಾಳದಿಂದ ಗಂಟಲಿಗೆ ಇಳಿಯುತ್ತದೆ. ಡ್ರಾಪ್ಸ್ ಹಾಕಿದ ಮೇಲೆ ಬಾಯಿ ಕಹಿಯಾಗುವುದು ಹೀಗೆ. ‘ಕಹಿ ಗೊತ್ತಾಯ್ತು, ಔಷಧ ಒಳಗೆ ಹೋಗಿದೆ’ ಎಂದು ಇದನ್ನೂ ಗುಣದ ಗುರುತಾಗಿ ತೆಗೆದುಕೊಳ್ಳುವವರಿದ್ದಾರೆ. ನಿಜವಾಗಿ ಕಣ್ಣಿಗೆ ಸೇರಬೇಕಾದದ್ದು ಹೊಟ್ಟೆಗೆ, ರಕ್ತಕ್ಕೆ ಹೋಯಿತೆಂದೇ ಅದರ ಅರ್ಥ. ಹನಿ ಹಾಕಿ, ಕಣ್ಣು ಮುಚ್ಚಿ, ಮೂಗಿನ ಬದಿಯ ಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಒತ್ತಿಹಿಡಿದರೆ ಇದು ತಪ್ಪುತ್ತದೆ.

ಮನೆಗೆ ಡ್ರಾಪ್ಸ್ ತಂದುಕೊಟ್ಟ ಇನ್ನೊಂದು ದಾರಿ ಪೊರೆಯ ಆಪರೇಷನ್. ಬೀಳಗಿಯಲ್ಲಿ ಹುಟ್ಟಿ ನಾಡೆಲ್ಲ ಸುತ್ತಿ ಕಣ್ಣಿನ ಶಿಬಿರ ನಡೆಸಿದ ಡಾ. ಎಂ.ಸಿ. ಮೋದಿಯವರ ಕಾಲದಿಂದ, 1976ರಲ್ಲಿ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಬಂದಮೇಲೆ ಇನ್ನೂ ಹೆಚ್ಚಾಗಿ, ಅಜ್ಜ ಅಜ್ಜಿಯರು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ಕೈಯಲ್ಲಿ ಡ್ರಾಪ್ಸ್ ಹಿಡಿದು ಮನೆಗೆ ಮರಳತೊಡಗಿದರು. ಈಗ ಕುಂದಲಹಳ್ಳಿ ಗೇಟಿನ ಶಂಕರ ಕಣ್ಣಿನ ಆಸ್ಪತ್ರೆಗೆ ಹಳ್ಳಿಗಳಿಂದ ಬಸ್ಸಿನಲ್ಲಿ ಬಂದು ಉಚಿತವಾಗಿ ಆಪರೇಷನ್ ಮಾಡಿಸಿಕೊಂಡು ಹೋಗುವವರ ಕೈಯಲ್ಲೂ ಅಂಥದೇ ಬಾಟಲಿ. ಆಪರೇಷನ್ ಆದಮೇಲೆ ಕೊಡುವ ಡ್ರಾಪ್ಸಿನಲ್ಲಿ ಸಾಮಾನ್ಯವಾಗಿ ಸ್ಟೆರಾಯ್ಡ್ ಇರುತ್ತದೆ. ಉರಿಯೂತ ಇಳಿಸಲು ಅದು ಬೇಕೇ ಬೇಕು. ವಾರವಾರ ಕಡಿಮೆ ಮಾಡುತ್ತ, ಒಂದೂವರೆ ತಿಂಗಳ ಹೊತ್ತಿಗೆ ನಿಲ್ಲಿಸಬೇಕು. ಉಳಿದ ಅರ್ಧ ಬಾಟಲಿಯನ್ನು ಎಸೆಯಲು ಯಾರಿಗೆ ಮನಸ್ಸು ಬರುತ್ತದೆ? ಅದು ಫ್ರಿಜ್ಜಿನ ಬಾಗಿಲಿನಲ್ಲಿ ಮೊಟ್ಟೆಗಳ ಪಕ್ಕ ಕೂರುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಇಲ್ಲಿಂದ ಮುಂದಿನದು. ಕೆ.ಆರ್. ಪುರದ ಕಡೆಯ ಧೂಳು, ಬೇಸಿಗೆಯ ಬಿಸಿಲು. ಏಳೆಂಟು ವರ್ಷದ ಹುಡುಗನಿಗೆ ಕಣ್ಣಿನ ತುರಿಕೆ, ಉಜ್ಜಿ ಉಜ್ಜಿ ಕೆಂಪು. ಇದು ಅಲರ್ಜಿಯ ಕಾಯಿಲೆ, ಹುಡುಗಿಯರಿಗಿಂತ ಹುಡುಗರಲ್ಲಿ ಹೆಚ್ಚು, ಪ್ರತಿ ವರ್ಷ ಬಿಸಿಲಿನ ಜೊತೆ ಮರಳಿ ಬರುತ್ತದೆ, ಹರೆಯ ದಾಟುವ ಹೊತ್ತಿಗೆ ಬಹುಪಾಲು ತಾನಾಗಿ ಹೋಗುತ್ತದೆ. ಅಜ್ಜಿಯ ಆಪರೇಷನ್ನಿನ ಡ್ರಾಪ್ಸ್ ಇದೆಯಲ್ಲ, ಒಂದು ಹನಿ ಹಾಕುತ್ತಾರೆ. ಮಾರನೆಯ ದಿನಕ್ಕೆ ಕಣ್ಣು ಹಾಲಿನಷ್ಟು ಬಿಳುಪು. ಬಾಟಲಿ ಮುಗಿದರೆ ಖಾಲಿ ಬಾಟಲಿ ಹಿಡಿದು ಮೆಡಿಕಲ್ ಸ್ಟೋರಿಗೆ. ಡೆಕ್ಸಾಮೆಥಾಸೋನ್ ಡ್ರಾಪ್ಸನ್ನು ಚೀಟಿ ಇಲ್ಲದೆ ಮಾರಬಾರದೆಂದು ಕಾನೂನಿದೆ. ಬೆಲೆಯೋ ಒಂದು ಕಾಫಿಯಷ್ಟು. ಕೊಡುವವರು ಕೊಡುತ್ತಾರೆ.

ಸ್ಟೆರಾಯ್ಡ್ ಹನಿ ವಾರಗಟ್ಟಲೆ ಬಿದ್ದರೆ ಮೂವರಲ್ಲಿ ಒಬ್ಬರಿಗೆ ಕಣ್ಣಿನ ಒತ್ತಡ ಏರುತ್ತದೆ, ನೂರಕ್ಕೆ ಸುಮಾರು ಐವರಿಗೆ ಅಪಾಯದ ಮಟ್ಟಕ್ಕೆ ಏರುತ್ತದೆ. 1960ರ ದಶಕದಿಂದಲೂ ಕಣ್ಣಿನ ವೈದ್ಯರಿಗೆ ಇದು ಗೊತ್ತು. ಒತ್ತಡ ಏರಿದ್ದು ಹುಡುಗನಿಗೆ ತಿಳಿಯುವುದಿಲ್ಲ, ನೋವಿಲ್ಲ, ಕೆಂಪಿಲ್ಲ. ಒಳಗೆ ದೃಷ್ಟಿನರ ಸವೆಯುತ್ತ, ಅಂಚಿನಿಂದ ನೋಟ ಕಿರಿದಾಗುತ್ತ ಬರುತ್ತದೆ. ಶಾಲೆಯಲ್ಲಿ ಬೋರ್ಡು ಕಾಣುವುದಿಲ್ಲ ಎಂದು ಕನ್ನಡಕ ಮಾಡಿಸಲು ಕರೆತಂದಾಗ ವೈದ್ಯರಿಗೆ ಗೊತ್ತಾಗುತ್ತದೆ. ಅಷ್ಟು ಹೊತ್ತಿಗೆ ಹೋದ ನೋಟವನ್ನು ಯಾವ ಔಷಧವೂ ಮರಳಿ ತರುವುದಿಲ್ಲ. ತುರಿಕೆಯಿಂದ ಕುರುಡಾಗುವುದು ವಿರಳ. ತುರಿಕೆಗೆಂದು ಹಾಕಿದ ಹನಿಯಿಂದ ದೃಷ್ಟಿ ಕಳೆದುಕೊಂಡ ಮಕ್ಕಳು ನಮ್ಮ ದೇಶದ ದೊಡ್ಡ ಕಣ್ಣಾಸ್ಪತ್ರೆಗಳ ದಾಖಲೆಗಳಲ್ಲಿ ಸಿಗುತ್ತಾರೆ.

ಹೀಗೆ ದೃಷ್ಟಿನರ ಸವೆಯುವ ಕಾಯಿಲೆಯಾದ ಗ್ಲಾಕೋಮ ಬಂದವರ ಕಥೆ ಇದರ ಇನ್ನೊಂದು ಮುಖ. ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನರಿಗೆ ಅದಿದೆ ಎಂಬ ಅಂದಾಜಿದೆ, ಬಹುಪಾಲು ಮಂದಿಗೆ ತಮಗಿದೆಯೆಂಬುದೇ ತಿಳಿದಿಲ್ಲ. ಗೊತ್ತಾದವರಿಗೆ ಬದುಕಿಡೀ ಡ್ರಾಪ್ಸ್. ಹಾಕಿದರೆ ಉರಿ ಶಮನವಾಗುವುದಿಲ್ಲ, ನೋಟ ಹೆಚ್ಚುವುದಿಲ್ಲ, ಏನೂ ತಿಳಿಯುವುದೇ ಇಲ್ಲ. ಇದ್ದ ದೃಷ್ಟಿ ಇದ್ದಂತೆ ಉಳಿಯುವುದೇ ಅದರ ಫಲ. ಹಲಸೂರಿನ ಬಜಾರ್ ಬೀದಿಯ ಹಿರಿಯರೊಬ್ಬರು “ತಿಂಗಳು ತಿಂಗಳು ದುಡ್ಡು ಹಾಕ್ತಿದೀನಿ, ಒಂಚೂರೂ ವ್ಯತ್ಯಾಸ ಇಲ್ಲ ಕಣಯ್ಯ” ಎಂದು ಅದನ್ನು ನಿಲ್ಲಿಸುವುದನ್ನು ನಾವು ದೂರುವುದು ಹೇಗೆ? ಉರಿದರೆ ಔಷಧ, ವಾಸಿಯಾದರೆ ಔಷಧ ಎಂದು ಅವರಿಗೆ ಕಲಿಸಿದವರು ನಾವೇ. ಇನ್ನೊಂದು ಅಪಾಯವೂ ಇಲ್ಲಿದೆ. ‘ಏನಾದರೂ ಔಷಧ ತಗೊಳ್ತಿದ್ದೀರಾ’ ಎಂದು ಬೇರೆ ಡಾಕ್ಟರು ಕೇಳಿದರೆ ಜನ ಮಾತ್ರೆಗಳನ್ನು ಮಾತ್ರ ಹೇಳುತ್ತಾರೆ. ಡ್ರಾಪ್ಸ್ ಅವರ ಲೆಕ್ಕದಲ್ಲಿ ಔಷಧವೇ ಅಲ್ಲ. 1970ರ ದಶಕದ ಕೊನೆಯಲ್ಲಿ ಬಂದ ಟಿಮೊಲಾಲ್ ಡ್ರಾಪ್ಸ್ ಮೂಗಿನ ನಾಳದಿಂದ ರಕ್ತಕ್ಕೆ ಸೇರಿ ಆಸ್ತಮಾ ಇರುವವರ ಉಸಿರನ್ನೇ ಕಟ್ಟಿಸಬಲ್ಲದು. ಆಸ್ತಮಾ ಇಷ್ಟು ಸಾಮಾನ್ಯವಾಗಿರುವ ಬೆಂಗಳೂರಿನಲ್ಲಿ ಇದನ್ನು ಮನೆಯವರೆಲ್ಲರೂ ತಿಳಿದಿರಬೇಕು.

ಇಂದಿರಾನಗರದ ಕಡೆ ಬಂದರೆ ಮಾತೇ ಬೇರೆ. ಇಲ್ಲಿ ಕಂಪ್ಯೂಟರ್ ಮುಂದೆ ಹತ್ತು ಗಂಟೆ ಕೂರುವವರ ಒಣಕಣ್ಣಿಗೆ ಕೃತಕ ಕಣ್ಣೀರು ಬ್ಯಾಗಿನಲ್ಲೇ ಇರುತ್ತದೆ. ಲಿಪ್‌ಸ್ಟಿಕ್ ಹಚ್ಚಿಕೊಂಡಷ್ಟೇ ಸಹಜವಾಗಿ ಮೆಟ್ರೊದಲ್ಲಿ ಕುಳಿತೇ ಹಾಕಿಕೊಳ್ಳುತ್ತಾರೆ. ಉರಿಯದಿರುವುದೇ ಇವರಿಗೆ ಗುಣ, ‘ಪ್ರಿಸರ್ವೇಟಿವ್ ಇಲ್ಲದ್ದು ಕೊಡಿ’ ಎಂದು ಕೇಳುವವರೂ ಇದ್ದಾರೆ. ‘ನ್ಯಾಚುರಲ್’ ಬೇಕೆನ್ನುವವರಿಗೆ ಬೆಂಗಳೂರಿನದೇ ಹಿಮಾಲಯ ಕಂಪನಿಯ ಆಪ್ಥಾಕೇರ್, ಕೋಲ್ಕತ್ತದ ಐಟೋನ್ ಇವೆ. ಹೋಮಿಯೋಪಥಿಯ ಸಿನೆರೇರಿಯಾ ಹನಿಯಿಂದ ಪೊರೆ ಕರಗುತ್ತದೆಂದು ಆಪರೇಷನ್ ಮುಂದೂಡುವವರು ಇಲ್ಲೂ ಇದ್ದಾರೆ, ಶಿವಾಜಿನಗರದಲ್ಲೂ ಇದ್ದಾರೆ. ಪೊರೆ ಕರಗಿಸುವುದೆಂದು ಸಾಬೀತಾದ ಹನಿ ಇವತ್ತಿನವರೆಗೆ ಒಂದೂ ಇಲ್ಲ. ಸಕ್ಕರೆ ಕಾಯಿಲೆಯಿಂದ ಅಕ್ಷಿಪಟ ಊದಿಕೊಂಡವರಿಗೆ ಕಣ್ಣಿನೊಳಗೇ ಇಂಜೆಕ್ಷನ್ ಕೊಡಬೇಕೆಂದಾಗ ಮಾತ್ರ ಸಾಫ್ಟ್‌ವೇರಿನವರೂ ತರಕಾರಿ ಗಾಡಿಯವರೂ ಒಂದೇ ದನಿಯಲ್ಲಿ ಕೇಳುತ್ತಾರೆ, “ಡ್ರಾಪ್ಸಲ್ಲೇ ಆಗಲ್ವಾ ಡಾಕ್ಟ್ರೇ?” ಆಗುವುದಿಲ್ಲ. ಮುಂಭಾಗದಲ್ಲಿ ಬಿದ್ದ ಹನಿ ಕಣ್ಣಿನ ಹಿಂಗೋಡೆಯನ್ನು ಸಾಕಷ್ಟು ಪ್ರಮಾಣದಲ್ಲಿ ತಲುಪುವುದಿಲ್ಲ.

ಹನಿಯ ಮೇಲಿನ ಈ ಆಸೆ ಎಷ್ಟು ದೊಡ್ಡದೆಂಬುದು 2024ರಲ್ಲಿ ಕಂಡಿತು. ಮುಂಬಯಿಯ ಕಂಪನಿಯೊಂದರ ಪ್ರೆಸ್‌ವ್ಯೂ ಎಂಬ ಡ್ರಾಪ್ಸಿಗೆ ಕೇಂದ್ರದ ಔಷಧ ನಿಯಂತ್ರಕರು ಅನುಮತಿ ಕೊಟ್ಟರು. ನಲವತ್ತು ದಾಟಿದವರಿಗೆ ಓದುವ ಕನ್ನಡಕವೇ ಬೇಡವೆಂಬಂತೆ ಪ್ರಚಾರವಾಯಿತು, ಟಿವಿ, ವಾಟ್ಸ್ಆ್ಯಪ್ ಎಲ್ಲೆಲ್ಲೂ ಅದೇ ಸುದ್ದಿ. ಅನುಮತಿ ಮೀರಿದ ಪ್ರಚಾರವೆಂದು ಸೆಪ್ಟೆಂಬರಿನಲ್ಲಿ ಆ ಅನುಮತಿಯನ್ನೇ ತಡೆಹಿಡಿಯಲಾಯಿತು. ಅದರೊಳಗಿದ್ದದ್ದು ಪೈಲೊಕಾರ್ಪಿನ್. 1875ರಲ್ಲಿ ಬ್ರೆಜಿಲ್‌ನ ಗಿಡವೊಂದರ ಎಲೆಯಿಂದ ಬೇರ್ಪಡಿಸಿ, ಗ್ಲಾಕೋಮಕ್ಕೆ ನೂರು ವರ್ಷ ಬಳಸಿದ ಹಳೆಯ ಔಷಧ. ಪಾಪೆಯನ್ನು ಚಿಕ್ಕದು ಮಾಡಿ ಕೆಲವು ಗಂಟೆ ಹತ್ತಿರದ ಅಕ್ಷರ ಸ್ಪಷ್ಟ ಮಾಡುತ್ತದೆ, ಅಷ್ಟೇ.

ಹಾಗೆಂದು ಡ್ರಾಪ್ಸನ್ನೇ ದೂರ ಮಾಡುವಂತಿಲ್ಲ, ಎಚ್ಚರ ಮಾತ್ರ ಬೇಕು. 2023ರ ಮಳೆಗಾಲದಲ್ಲಿ ಕಣ್ಣುಬೇನೆ ನಾಡಿಡೀ ಹರಡಿದಾಗ ‘ಕಣ್ಣಲ್ಲಿ ಕಣ್ಣಿಟ್ಟು ನೋಡಿದರೆ ಬರುತ್ತೆ’ ಎಂದು ಕಪ್ಪು ಕನ್ನಡಕ ಹಾಕಿಕೊಂಡವರು, ಒಂದೇ ಬಾಟಲಿಯ ಡ್ರಾಪ್ಸನ್ನು ಮನೆಮಂದಿಗೆಲ್ಲ ಹಾಕಿದರು. ನೋಟದಿಂದ ಹರಡದ ಸೋಂಕು ಬಾಟಲಿಯ ಮೂತಿಯಿಂದ ಹರಡಿರಬಹುದು. ಅದೇ ವರ್ಷದ ಹೊತ್ತಿಗೆ ಚೆನ್ನೈ ಬಳಿಯ ಕಾರ್ಖಾನೆಯಲ್ಲಿ ತಯಾರಾದ ಕೃತಕ ಕಣ್ಣೀರಿನಿಂದ ಅಮೆರಿಕದಲ್ಲಿ 81 ಜನರಿಗೆ ಸೋಂಕು ತಗುಲಿ ನಾಲ್ವರು ಸತ್ತರು, 14 ಮಂದಿ ದೃಷ್ಟಿ ಕಳೆದುಕೊಂಡರು. ಉರಿಯದ, ತಣ್ಣಗಿನ, ಯಾರಿಗೂ ಅನುಮಾನ ಬಾರದ ಹನಿಗಳು ಅವು.

ನಮ್ಮ ಔಷಧ ನಿಯಮಗಳಲ್ಲಿ ಕಣ್ಣಿನ ಔಷಧಕ್ಕೆಂದೇ ‘ಎಫ್‌ಎಫ್’ ಎಂಬ ಪ್ರತ್ಯೇಕ ಅನುಸೂಚಿ ಇದೆ. ಉರಿ ನಿಲ್ಲದಿದ್ದರೆ ಅಥವಾ ಹೆಚ್ಚಾದರೆ ಬಳಕೆ ನಿಲ್ಲಿಸಿ ವೈದ್ಯರನ್ನು ಕಾಣಿ, ಮೂತಿಯನ್ನು ಯಾವುದಕ್ಕೂ ತಾಗಿಸಬೇಡಿ, ತೆರೆದ ಒಂದು ತಿಂಗಳೊಳಗೆ ಬಳಸಿ ಎಂಬ ಎಚ್ಚರಿಕೆಗಳನ್ನು ಅಚ್ಚು ಮಾಡಲೇಬೇಕು. ಜನರ ನಂಬಿಕೆಗೆ ನೇರ ಉತ್ತರ ಅಲ್ಲೇ ಇದೆ. ಅಚ್ಚಾಗಿರುವುದು ಮಾತ್ರ ಇಂಗ್ಲಿಷಿನಲ್ಲಿ, ಎಳ್ಳುಕಾಳಿಗಿಂತ ಚಿಕ್ಕ ಅಕ್ಷರದಲ್ಲಿ, ಕಣ್ಣೇ ಕಾಣದವರು ಓದಬೇಕಾದ ಬಾಟಲಿಯ ಮೇಲೆ. ಅಮೆರಿಕದಲ್ಲಿ ಮುಚ್ಚಳಗಳಿಗೆ ಬಣ್ಣದ ಕ್ರಮವಿದೆ: ಸ್ಟೆರಾಯ್ಡಿಗೆ ಗುಲಾಬಿ, ಟಿಮೊಲಾಲಿನಂಥವಕ್ಕೆ ಹಳದಿ, ಪಾಪೆ ಹಿಗ್ಗಿಸುವುದಕ್ಕೆ ಕೆಂಪು. ನಮ್ಮಲ್ಲಿ ಸಾಮಾನ್ಯವಾಗಿ ಕಾಣುವುದು ಬಿಳಿ ಮುಚ್ಚಳ. ಮೆಡಿಕಲ್ ಸ್ಟೋರಿನವರು ಮಾತ್ರೆಯ ಪಟ್ಟಿಯ ಮೇಲೆ ಬೆಳಗ್ಗೆ, ರಾತ್ರಿ ಎಂದು ಗುರುತು ಹಾಕಿ ಕೊಡುತ್ತಾರೆ. ಡ್ರಾಪ್ಸಿನ ಬಾಟಲಿಯ ಮೇಲೆ ಜಾಗವಿಲ್ಲದ್ದರಿಂದ ಹೊರಗಿನ ರಟ್ಟಿನ ಡಬ್ಬಿಯ ಮೇಲೆ ಬರೆಯುತ್ತಾರೆ. ಮನೆ ಸೇರಿದ ಕೂಡಲೇ ಡಬ್ಬಿ ಕಸಕ್ಕೆ ಹೋಗುತ್ತದೆ.

ಕಾನೂನು ಬದಲಾಗಲು ದೆಹಲಿ ಬೇಕು. ಬೌರಿಂಗ್, ಇಂದಿರಾನಗರದ ಸಿ.ವಿ. ರಾಮನ್ ಆಸ್ಪತ್ರೆ, ಕೆ.ಆರ್. ಪುರದ ಸಾರ್ವಜನಿಕ ಆಸ್ಪತ್ರೆಗಳ ಔಷಧ ವಿತರಣೆಯ ಕಿಟಕಿಯಲ್ಲಿ ಸ್ಟೆರಾಯ್ಡ್ ಇರುವ ಪ್ರತಿ ಬಾಟಲಿಗೂ ಗುಲಾಬಿ ಬಣ್ಣದ ಚೀಟಿಯೊಂದನ್ನು ಅಂಟಿಸಿ, ‘ಇವರಿಗೆ ಮಾತ್ರ, ಈ ತಾರೀಖಿನವರೆಗೆ ಮಾತ್ರ’ ಎಂದು ಕನ್ನಡದಲ್ಲಿ, ತಮಿಳಿನಲ್ಲಿ, ಉರ್ದುವಿನಲ್ಲಿ ದಪ್ಪಕ್ಷರದಲ್ಲಿ ಬರೆದುಕೊಡಲು ಯಾರ ಅಪ್ಪಣೆಯೂ ಬೇಕಿಲ್ಲ. ಬಾಟಲಿಯ ಮುಚ್ಚಳವನ್ನು ಅಲ್ಲೇ ಬಿಗಿಯಾಗಿ ತಿರುಗಿಸಿ, ತೂತು ಮಾಡುವ ಬಗೆಯನ್ನು ತೋರಿಸಿಯೇ ಕೈಗೆ ಕೊಡಬಹುದು. ಅದಕ್ಕೆ ಅರ್ಧ ನಿಮಿಷ ಸಾಕು.